ಮುಖದ ಬಂಗು ಮತ್ತು ಅಂಗಡಿಯ ಮುಲಾಮು

ಮೂವತ್ತರ ವಯಸ್ಸು ದಾಟಿದ ಅನೇಕ ಮಹಿಳೆಯರ ಕೆನ್ನೆ, ಹಣೆ, ಮೂಗು ಹಾಗೂ ಮೇಲ್ದುಟಿಯ ಮೇಲೆ ಕಂದು ಬಣ್ಣದ ಕಲೆಗಳು ಕಾಣಿಸಿಕೊಳ್ಳುವುದು ಭಾರತದಲ್ಲಿ ತೀರ ಸಾಮಾನ್ಯ. ಇದನ್ನು ಕನ್ನಡದಲ್ಲಿ ಬಂಗು ಎಂದೂ, ಮರಾಠಿಯಲ್ಲಿ ವಾಂಗ್ ಎಂದೂ ಕರೆಯುತ್ತಾರೆ. ಎರಡೂ ಸಂಸ್ಕೃತದ ವ್ಯಂಗ ಎಂಬ ಶಬ್ದವನ್ನು ನೆನಪಿಗೆ ತರುತ್ತವೆ. ಸುಶ್ರುತ ಸಂಹಿತೆಯು ವ್ಯಂಗವನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಸೇರಿಸಿ, ಮುಖದ ಮೇಲೆ ಮೂಡುವ, ನೋವಿಲ್ಲದ, ತೆಳುವಾದ ಕಪ್ಪುಛಾಯೆಯ ಕಲೆ ಎಂದು ವಿವರಿಸಿದೆ. ಆಧುನಿಕ ವೈದ್ಯಶಾಸ್ತ್ರದಲ್ಲಿ ಇದರ ಹೆಸರು ಮೆಲಾಸ್ಮಾ. ಇದು ಅಂಟುರೋಗವಲ್ಲ, ಪ್ರಾಣಕ್ಕೆ ಅಪಾಯವನ್ನು ತರುವಂಥದೂ ಅಲ್ಲ. ಆದರೆ ಇದನ್ನು ಬೇಗನೆ ಹೋಗಲಾಡಿಸಬೇಕೆಂಬ ಆತುರದಲ್ಲಿ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ಹಚ್ಚಿಕೊಳ್ಳುವ ಕೆಲವು ಮುಲಾಮುಗಳು ಮುಖವನ್ನು ಕಾಯಮ್ಮಾಗಿ ಕೆಡಿಸಬಲ್ಲವು. ಕೆಲವು ಮೂತ್ರಪಿಂಡಗಳನ್ನೇ ಹಾಳುಮಾಡಬಲ್ಲವು. ನಿರುಪದ್ರವಿಯಾದ ಕಲೆಯೊಂದು ಹೀಗೆ ಅಪಾಯಕ್ಕೆ ದಾರಿಯಾಗಬಾರದು. ಯಾವ ಮುಲಾಮನ್ನು ಪ್ರಯೋಗಿಸಬಹುದು, ಹೇಗೆ ಪ್ರಯೋಗಿಸಬೇಕು ಮತ್ತು ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಮುಂಬಯಿಯ ಬಿಸಿಲು

ಮುಂಬಯಿ ಮಹಾನಗರ ಮತ್ತು ಅದರ ಉಪನಗರಗಳಲ್ಲಿ ದುಡಿಯುವ ಜನರ ದಿನಚರಿಯೇ ಬಿಸಿಲಿನೊಂದಿಗೆ ಹೆಣೆದುಕೊಂಡಿದೆ. ವಿರಾರ, ಬೋರಿವಿಲಿಗಳಿಂದ ಚರ್ಚ್‌ಗೇಟಿಗೆ, ಕಲ್ಯಾಣ, ಡೊಂಬಿವಿಲಿಗಳಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಪ್ರತಿನಿತ್ಯ ಪ್ರಯಾಣ ಮಾಡುವವರು, ಮನೆಮನೆಗೆ ಸಾಮಾನು ತಲುಪಿಸುವವರು, ಬುಟ್ಟಿ ಹೊತ್ತು ಮೀನು ಮಾರುವ ಕೋಳಿ ಸಮುದಾಯದ ಮಹಿಳೆಯರು, ರಸ್ತೆ ಬದಿಯಲ್ಲಿ ಹೂವು, ತರಕಾರಿ ಮಾರುವವರು, ಸಂಚಾರ ಪೊಲೀಸರು, ಕಟ್ಟಡ ಕಾರ್ಮಿಕರು ಎಲ್ಲರೂ ದಿನದ ಹಲವು ಗಂಟೆಗಳನ್ನು ಬಯಲಿನ ಬೆಳಕಿನಲ್ಲಿ ಕಳೆಯುತ್ತಾರೆ. ಮಾಟುಂಗಾ, ವಡಾಲಾ, ಸಾಂತಾಕ್ರೂಜ್, ಕುರ್ಲಾ, ಠಾಣೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರೂ ಇವರಲ್ಲಿದ್ದಾರೆ. ಹೋಟೆಲುಗಳ ಅಡಿಗೆಮನೆಯಲ್ಲಿ ಕಾವಲಿಯ ಮುಂದೆ ನಿಲ್ಲುವವರಿಗೆ ಬಿಸಿಲಿನ ಜೊತೆಗೆ ಬೆಂಕಿಯ ಝಳವೂ ಸೇರುತ್ತದೆ. ನಿರಂತರವಾದ ಶಾಖವೂ ಬಂಗನ್ನು ಹೆಚ್ಚಿಸಬಹುದೆಂದು ಚರ್ಮವೈದ್ಯರು ಅಭಿಪ್ರಾಯಪಡುತ್ತಾರೆ.

ಮುಂಬಯಿಯು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಮಧ್ಯಭಾಗದಲ್ಲಿ ಮತ್ತು ಜುಲೈ ಕೊನೆಯ ವಾರದಲ್ಲಿ, ಸೂರ್ಯನು ನಗರದ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಎರಡನೆಯ ಬಾರಿ ಬರುವಾಗ ಮಳೆಗಾಲದ ಮೋಡಗಳು ಮರೆಮಾಡಿರುವುದರಿಂದ ಜನರಿಗೆ ಅದರ ಅರಿವಾಗುವುದಿಲ್ಲ. ಆದರೆ ಮೋಡ ತೆಳುವಾಗಿದ್ದರೆ ಅತಿನೇರಳೆ ಕಿರಣಗಳ ಬಹುಭಾಗ ಅದರ ಮೂಲಕ ಹಾದುಬರುತ್ತದೆ. ಇನ್ನೊಂದು ಸಂಗತಿಯೂ ಗಮನಾರ್ಹ. ಭಾರತೀಯ ಕಾಲಮಾನವು ದೇಶದ ಮಧ್ಯಭಾಗದ ರೇಖಾಂಶಕ್ಕೆ ಅನುಗುಣವಾಗಿರುವುದರಿಂದ ಪಶ್ಚಿಮ ತೀರದ ಮುಂಬಯಿಯಲ್ಲಿ ನಿಜವಾದ ನಡುಹಗಲು ಗಡಿಯಾರದ ಹನ್ನೆರಡು ಗಂಟೆಗಲ್ಲ, ಸುಮಾರು ಹನ್ನೆರಡೂವರೆ ದಾಟಿದ ಮೇಲೆ ಆಗುತ್ತದೆ. ಮೂರು ಗಂಟೆಗೆ ಬಿಸಿಲು ಇಳಿಯಿತೆಂದು ಭಾವಿಸಿ ಹೊರಡುವವರು ಇದನ್ನು ನೆನಪಿಡಬೇಕು. ಗಡಿಯಾರವಿಲ್ಲದೆಯೂ ಇದನ್ನು ತಿಳಿಯಲು ಸುಲಭವಾದ ಉಪಾಯವಿದೆ: ನೆಲದ ಮೇಲೆ ಬೀಳುವ ನೆರಳು ವ್ಯಕ್ತಿಯ ಎತ್ತರಕ್ಕಿಂತ ಚಿಕ್ಕದಾಗಿರುವಷ್ಟು ಹೊತ್ತು ಬಿಸಿಲು ತೀಕ್ಷ್ಣವಾಗಿದೆಯೆಂದೇ ಅರ್ಥ.

ಕಲೆ ಹೇಗೆ ಮೂಡುತ್ತದೆ?

ಚರ್ಮದ ಹೊರಪದರದ ತಳಭಾಗದಲ್ಲಿ ಬಣ್ಣವನ್ನು ತಯಾರಿಸುವ ವಿಶೇಷ ಜೀವಕೋಶಗಳಿವೆ. ಇವು ಮೆಲಾನಿನ್ ಎಂಬ ವರ್ಣದ್ರವ್ಯವನ್ನು ಸಣ್ಣ ಕಣಗಳ ರೂಪದಲ್ಲಿ ತಯಾರಿಸಿ ಸುತ್ತಲಿನ ಜೀವಕೋಶಗಳಿಗೆ ಹಂಚುತ್ತವೆ. ಈ ಕಣಗಳು ಜೀವಕೋಶದ ಕೇಂದ್ರದ ಮೇಲೆ ಕೊಡೆಯಂತೆ ಹರಡಿಕೊಂಡು ಅತಿನೇರಳೆ ಕಿರಣಗಳಿಂದ ಅದನ್ನು ಕಾಪಾಡುತ್ತವೆ. ಹೀಗಾಗಿ ಮೆಲಾನಿನ್ ದೇಹದ ಶತ್ರುವಲ್ಲ, ರಕ್ಷಕ. ಮೆಲಾನಿನ್ ತಯಾರಿಕೆಗೆ ಟೈರೊಸಿನೇಸ್ ಎಂಬ ಕಿಣ್ವ ಅವಶ್ಯಕ. ಕಲೆ ತಿಳಿಗೊಳಿಸುವ ಹಲವು ಮುಲಾಮುಗಳು ಒಂದಲ್ಲ ಒಂದು ರೀತಿಯಲ್ಲಿ ಈ ಕಿಣ್ವದ ಕೆಲಸವನ್ನೇ ತಡೆಯುತ್ತವೆ.

ಕೆಲವರಲ್ಲಿ ಮುಖದ ಕೆಲವು ಭಾಗಗಳಲ್ಲಿ ಮಾತ್ರ ಈ ಜೀವಕೋಶಗಳು ಅತಿಯಾಗಿ ಚುರುಕುಗೊಂಡು ಅಗತ್ಯಕ್ಕಿಂತ ಹೆಚ್ಚು ಬಣ್ಣವನ್ನು ತಯಾರಿಸುತ್ತವೆ. ಇದಕ್ಕೆ ಬಿಸಿಲು ಮುಖ್ಯ ಕಾರಣ. ಅತಿನೇರಳೆ ಕಿರಣಗಳಷ್ಟೇ ಅಲ್ಲದೆ ಕಣ್ಣಿಗೆ ಕಾಣುವ ಬೆಳಕು ಸಹ ಕಂದು ಮೈಬಣ್ಣದವರಲ್ಲಿ ಕಲೆಯನ್ನು ಗಾಢಗೊಳಿಸುತ್ತದೆ. ವಂಶಪಾರಂಪರ್ಯ, ಗರ್ಭಧಾರಣೆ ಮತ್ತು ಗರ್ಭನಿರೋಧಕ ಮಾತ್ರೆಗಳಿಂದ ಉಂಟಾಗುವ ಹಾರ್ಮೋನುಗಳ ಬದಲಾವಣೆ ಇತರ ಕಾರಣಗಳು. ಗರ್ಭಿಣಿಯರಲ್ಲಿ ಮೂಡಿದ ಬಂಗು ಹೆರಿಗೆಯ ನಂತರ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ತಿಳಿಯಾಗುವುದುಂಟು. ಪುರುಷರಿಗೂ ಬಂಗು ಬರುತ್ತದೆ; ಬಯಲಿನಲ್ಲಿ ದುಡಿಯುವವರಲ್ಲಿ ಇದು ಅಪರೂಪವಲ್ಲ.

ಮುಖದ ಮೇಲಿನ ಪ್ರತಿಯೊಂದು ಕಪ್ಪು ಕಲೆಯೂ ಬಂಗೇ ಆಗಿರಬೇಕೆಂದೇನೂ ಇಲ್ಲ. ವರ್ಷಾನುಗಟ್ಟಲೆ ಬಿಸಿಲು ತಾಗಿದ ಕಡೆ ವಯಸ್ಸಾದಂತೆ ಮೂಡುವ, ಸ್ಪಷ್ಟ ಅಂಚಿನ ಚಿಕ್ಕ ಚುಕ್ಕೆಗಳು ಬೇರೆ. ನರುಲಿಯಂತೆ ತುಸು ಉಬ್ಬಿ, ಅಂಟಿಸಿದ ಹಾಗೆ ಕಾಣುವ ಕಪ್ಪು ಕಾಳುಗಳು ಬೇರೆ. ಇವು ಯಾವ ಮುಲಾಮಿಗೂ ಕರಗುವುದಿಲ್ಲ. ಕುಂಕುಮ, ಹಣೆಬೊಟ್ಟಿನ ಅಂಟು, ಕೂದಲಿಗೆ ಹಚ್ಚುವ ಬಣ್ಣ, ಸುಗಂಧದ್ರವ್ಯ ಇವುಗಳ ಅಲರ್ಜಿಯಿಂದಲೂ ಚರ್ಮ ಕಪ್ಪಾಗುತ್ತದೆ. ಕಾರಣವಾದ ವಸ್ತುವನ್ನು ಬಿಡದೆ ಎಷ್ಟು ಮುಲಾಮು ಹಚ್ಚಿದರೂ ವ್ಯರ್ಥ. ಹಣೆಯ ಬದಿ ಹಾಗೂ ಕತ್ತಿನ ಚರ್ಮ ದಪ್ಪಗಾಗಿ ಕಪ್ಪಾಗುವುದು ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಮುನ್ಸೂಚನೆಯಾಗಿರಬಹುದು. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕುಷ್ಠರೋಗದ ಲಕ್ಷಣವಾಗಿರಬಹುದು. ಬೆಳೆಯುತ್ತಾ ಹೋಗುವ, ಬಣ್ಣ ಬದಲಿಸುವ, ರಕ್ತ ಒಸರುವ ಕಲೆಯನ್ನು ವೈದ್ಯರಿಗೆ ತಡವಿಲ್ಲದೆ ತೋರಿಸಬೇಕು. ಆದುದರಿಂದ ಮುಲಾಮು ಕೊಳ್ಳುವ ಮೊದಲು ಕಲೆ ಯಾವುದೆಂದು ಒಮ್ಮೆ ಖಚಿತಪಡಿಸಿಕೊಳ್ಳುವುದು ಹಣವನ್ನೂ ಕಾಲವನ್ನೂ ಉಳಿಸುತ್ತದೆ.

ಏಳು ದಿನಗಳ ಆಶ್ವಾಸನೆ

ಚರ್ಮದ ಹೊರಪದರವು ತಳದಲ್ಲಿ ಹುಟ್ಟಿ, ಮೇಲೇರಿ, ಉದುರಿಹೋಗಲು ಸುಮಾರು ನಾಲ್ಕರಿಂದ ಆರು ವಾರಗಳು ಬೇಕು. ಮುಲಾಮಿನಿಂದ ಹೊಸ ಮೆಲಾನಿನ್ ತಯಾರಿಕೆ ತಗ್ಗಿದರೂ, ಈಗಾಗಲೇ ತಯಾರಾದ ಬಣ್ಣವು ಹಳೆಯ ಜೀವಕೋಶಗಳೊಂದಿಗೆ ಉದುರುವವರೆಗೆ ಕಲೆ ಹಾಗೆಯೇ ಉಳಿಯುತ್ತದೆ. ಆದುದರಿಂದ ಸುರಕ್ಷಿತವಾದ ಯಾವ ಮುಲಾಮೂ ಎಂಟು ಹತ್ತು ವಾರಗಳಿಗೆ ಮೊದಲು ಗಮನಾರ್ಹ ಫಲವನ್ನು ಕೊಡಲಾರದು. ಬಣ್ಣವು ಚರ್ಮದ ಒಳಪದರಕ್ಕೆ ಇಳಿದಿದ್ದರೆ ಇನ್ನೂ ನಿಧಾನ. ಕೆಲವೊಮ್ಮೆ ಫಲ ಅತ್ಯಲ್ಪ. ಹೀಗಿರುವಾಗ ಏಳು ದಿನಗಳಲ್ಲಿ ಕಲೆ ಮಾಯವಾಗುತ್ತದೆ, ಮುಖ ಬೆಳ್ಳಗಾಗುತ್ತದೆ ಎಂಬ ಆಶ್ವಾಸನೆ ಒಂದೋ ಸುಳ್ಳು, ಇಲ್ಲವೇ ಆ ಡಬ್ಬಿಯಲ್ಲಿ ಇರಬಾರದ ವಸ್ತುವೊಂದು ಇದೆಯೆಂಬುದರ ಸೂಚನೆ. ಅಂತಹ ವಸ್ತುಗಳಲ್ಲಿ ಮುಖ್ಯವಾದವು ಎರಡು: ಸ್ಟೀರಾಯ್ಡ್ ಮತ್ತು ಪಾದರಸ.

ಸ್ಟೀರಾಯ್ಡ್ ಮುಲಾಮುಗಳ ಹಾವಳಿ

ಬೆಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಮುಂತಾದ ಸ್ಟೀರಾಯ್ಡ್ ಮುಲಾಮುಗಳು ಇಸುಬು ಮೊದಲಾದ ಚರ್ಮವ್ಯಾಧಿಗಳಲ್ಲಿ ಬಹು ಉಪಯುಕ್ತವಾದ ಔಷಧಗಳು. ಆದರೆ ಅವುಗಳಿಗೆ ರಕ್ತನಾಳಗಳನ್ನು ಸಂಕೋಚಗೊಳಿಸುವ ಮತ್ತು ಬಣ್ಣದ ಉತ್ಪತ್ತಿಯನ್ನು ಕುಗ್ಗಿಸುವ ಗುಣವೂ ಇದೆ. ಅದರಿಂದಾಗಿ ಹಚ್ಚಿದ ಮೊದಲ ಕೆಲವು ವಾರಗಳಲ್ಲಿ ಮುಖವು ತಿಳಿಯಾಗಿ, ನುಣುಪಾಗಿ ಕಾಣುತ್ತದೆ. ಒಬ್ಬರಿಗೆ ಬಂದ ಈ ಗುಣವನ್ನು ಕಂಡು ಲೋಕಲ್ ಗಾಡಿಯ ಮಹಿಳಾ ಡಬ್ಬಿಯಲ್ಲಿ, ಕಚೇರಿಯಲ್ಲಿ, ಚಾಳಿನ ನೆರೆಹೊರೆಯಲ್ಲಿ ಇತರರೂ ಅದೇ ಮುಲಾಮಿನ ಹೆಸರು ಕೇಳಿ ಬರೆದುಕೊಳ್ಳುತ್ತಾರೆ.

ತಿಂಗಳುಗಳು ಕಳೆದಂತೆ ಚಿತ್ರ ಬದಲಾಗುತ್ತದೆ. ಚರ್ಮ ತೆಳುವಾಗಿ ಅದರ ಕೆಳಗಿನ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆಗಳು ಏಳುತ್ತವೆ, ಕೆನ್ನೆ ಗಲ್ಲಗಳ ಮೇಲೆ ಕೂದಲು ಬೆಳೆಯುತ್ತದೆ. ಮುಲಾಮು ಹಚ್ಚುವುದನ್ನು ನಿಲ್ಲಿಸಿದೊಡನೆ ಮುಖವೆಲ್ಲ ಕೆಂಪೇರಿ ಉರಿಯತೊಡಗುತ್ತದೆ, ಬಂಗು ಹಿಂದಿಗಿಂತ ಗಾಢವಾಗಿ ಮರಳುತ್ತದೆ. ಉರಿ ತಾಳಲಾರದೆ ವ್ಯಕ್ತಿಯು ಅದೇ ಮುಲಾಮನ್ನು ಮತ್ತೆ ಹಚ್ಚುತ್ತಾರೆ, ಕ್ಷಣಕಾಲ ತಂಪೆನಿಸುತ್ತದೆ. ಹೀಗೆ ಬಿಡಲೂ ಆಗದ, ಹಚ್ಚಲೂ ಆಗದ ಒಂದು ವ್ಯಸನ ಬೆಳೆಯುತ್ತದೆ. ಭಾರತೀಯ ಚರ್ಮವೈದ್ಯರು ಈ ಸ್ಥಿತಿಗೆ ಸ್ಟೀರಾಯ್ಡಿನಿಂದ ಹಾನಿಗೊಂಡ ಮುಖ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದಾರೆ.

ಸಮಸ್ಯೆಯ ವ್ಯಾಪ್ತಿಯನ್ನು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿಕೊಟ್ಟಿತು. ದೇಶದ 12 ಚರ್ಮಚಿಕಿತ್ಸಾ ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಯೆಂದು ಬಂದ 2,926 ರೋಗಿಗಳನ್ನು ಪರಿಶೀಲಿಸಿದಾಗ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ 126 ಮಂದಿ ಅದನ್ನು ಬೆಳ್ಳಗಾಗಲು ಅಥವಾ ದಿನಬಳಕೆಯ ಸಾಮಾನ್ಯ ಕ್ರೀಮಿನಂತೆ ಬಳಸುತ್ತಿದ್ದರು. ಬಳಕೆದಾರರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಮುಲಾಮನ್ನು ಸೂಚಿಸಿದವರು ವೈದ್ಯರಲ್ಲ; ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ದುಷ್ಪರಿಣಾಮಗಳು ಕಂಡುಬಂದಿದ್ದವು.

ಇಂತಹ ಮುಲಾಮುಗಳ ವಿರುದ್ಧ ಭಾರತೀಯ ಚರ್ಮ, ಲೈಂಗಿಕ ಮತ್ತು ಕುಷ್ಠರೋಗ ತಜ್ಞರ ಸಂಘವು ಹಲವು ವರ್ಷ ಒತ್ತಾಯಿಸಿತು. ಔಷಧ ನಿಯಮಾವಳಿಯ 'ಎಚ್' ಅನುಸೂಚಿಯು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿ. ಹಚ್ಚುವ ಮುಲಾಮುಗಳಿಗೆ ಈ ಅನುಸೂಚಿಯಲ್ಲಿ ಹಿಂದೆ ಇದ್ದ ವಿನಾಯಿತಿಯ ಮರೆಯಲ್ಲಿ ಸ್ಟೀರಾಯ್ಡ್ ಮುಲಾಮುಗಳು ಸರಾಗವಾಗಿ ಮಾರಾಟವಾಗುತ್ತಿದ್ದವು. ಕೇಂದ್ರ ಆರೋಗ್ಯ ಸಚಿವಾಲಯವು 2018ರ ಮಾರ್ಚ್ ತಿಂಗಳಿನಲ್ಲಿ ಅಧಿಸೂಚನೆ ಹೊರಡಿಸಿ 14 ಸ್ಟೀರಾಯ್ಡುಗಳ ಮುಲಾಮುಗಳನ್ನು ವೈದ್ಯರ ಚೀಟಿಗೆ ಒಳಪಡಿಸಿತು. ಆದರೂ ಕಾನೂನು ತನ್ನಷ್ಟಕ್ಕೆ ತಾನೇ ಜಾರಿಯಾಗುವುದಿಲ್ಲ. ಗ್ರಾಹಕರು ಚೀಟಿಯಿಲ್ಲದೆ ಕೇಳುವುದನ್ನು ಬಿಟ್ಟಾಗ ಮಾತ್ರ ಅದು ಪೂರ್ಣ ಫಲ ಕೊಡುತ್ತದೆ.

ಹೈಡ್ರೊಕ್ವಿನೋನ್ ಎಂಬ ಇನ್ನೊಂದು ಔಷಧದ ವಿಷಯವನ್ನೂ ಇಲ್ಲಿ ಹೇಳಬೇಕು. ಬಂಗಿನ ಚಿಕಿತ್ಸೆಯಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿರುವ, ಪರಿಣಾಮಕಾರಿಯಾದ ಔಷಧ. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಅವರ ಸಹೋದ್ಯೋಗಿ 1975ರಲ್ಲಿ ಹೈಡ್ರೊಕ್ವಿನೋನ್, ಟ್ರೆಟಿನೊಯಿನ್ ಮತ್ತು ಒಂದು ಸ್ಟೀರಾಯ್ಡನ್ನು ಬೆರೆಸಿದ ಮಿಶ್ರಣವನ್ನು ಪ್ರಕಟಿಸಿದರು. ಅದರ ಬದಲಾದ ರೂಪಗಳನ್ನು ವೈದ್ಯರು ಇಂದಿಗೂ ಕೆಲವು ವಾರಗಳ ಮಟ್ಟಿಗೆ, ಮೇಲ್ವಿಚಾರಣೆಯಲ್ಲಿ ಬಳಸುತ್ತಾರೆ. ಆದರೆ ಅದೇ ವರ್ಷ ದಕ್ಷಿಣ ಆಫ್ರಿಕಾದ ವೈದ್ಯರು, ಹೈಡ್ರೊಕ್ವಿನೋನನ್ನು ವರ್ಷಾನುಗಟ್ಟಲೆ ಹಚ್ಚಿಕೊಂಡ ಮಹಿಳೆಯರ ಕೆನ್ನೆಗಳ ಮೇಲೆ ನೀಲಿಗಪ್ಪು ಬಣ್ಣದ, ಅಳಿಸಲಾಗದ ಕಲೆಗಳು ಮೂಡಿದ್ದನ್ನು ವರದಿ ಮಾಡಿದರು. ಕಲೆ ತೆಗೆಯುವ ಔಷಧವೇ ಶಾಶ್ವತವಾದ ಕಲೆಯನ್ನು ಉಂಟುಮಾಡಿತ್ತು. ದಕ್ಷಿಣ ಆಫ್ರಿಕಾ ಮುಂದೆ ಸೌಂದರ್ಯವರ್ಧಕಗಳಲ್ಲಿ ಇದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟವೂ ಚರ್ಮ ಬಿಳಿಯಾಗಿಸುವ ಕ್ರೀಮುಗಳಲ್ಲಿ ಇದನ್ನು ನಿಷೇಧಿಸಿದೆ. ಅಮೆರಿಕದಲ್ಲಿ 2020ರಿಂದ ವೈದ್ಯರ ಚೀಟಿಯಿಲ್ಲದೆ ಇದರ ಮಾರಾಟಕ್ಕೆ ಅವಕಾಶವಿಲ್ಲ. ಔಷಧ ಒಂದೇ ಆದರೂ ವೈದ್ಯರ ಕೈಯಲ್ಲಿ ಎಂಟು ವಾರ ಇರುವುದಕ್ಕೂ, ಕನ್ನಡಿಯ ಬಳಿಯ ಗೂಡಿನಲ್ಲಿ ಎಂಟು ವರ್ಷ ಇರುವುದಕ್ಕೂ ಅಜಗಜಾಂತರವಿದೆ.

ಪಾದರಸದ ವಿಷ

ಪಾದರಸದ ಲವಣಗಳು ಟೈರೊಸಿನೇಸ್ ಕಿಣ್ವವನ್ನು ತಡೆಯುವುದರಿಂದ ಚರ್ಮ ಬೇಗನೆ ಬಿಳಿಯಾಗುತ್ತದೆ. ಆದರೆ ಪಾದರಸ ಚರ್ಮದ ಮೂಲಕ ರಕ್ತವನ್ನು ಸೇರಿ ಮೂತ್ರಪಿಂಡಗಳಲ್ಲಿ ಸಂಗ್ರಹವಾಗುತ್ತದೆ. ರಕ್ತವನ್ನು ಸೋಸುವ ಸೂಕ್ಷ್ಮ ಪೊರೆ ಹಾನಿಗೊಂಡು, ದೇಹಕ್ಕೆ ಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗತೊಡಗುತ್ತದೆ. ಮೂತ್ರದಲ್ಲಿ ನೊರೆ, ಮುಖ ಮತ್ತು ಪಾದಗಳಲ್ಲಿ ಬಾವು, ಏರಿದ ರಕ್ತದೊತ್ತಡ, ಕೈನಡುಕ, ನಿದ್ರಾಹೀನತೆ ಇದರ ಲಕ್ಷಣಗಳು. ಹಚ್ಚಿಕೊಂಡವರಿಗಷ್ಟೇ ಅಲ್ಲ, ಅದೇ ಟವೆಲು, ದಿಂಬು ಬಳಸುವ ಮನೆಯವರಿಗೂ, ಕೆನ್ನೆಗೆ ಕೆನ್ನೆ ತಾಗಿಸುವ ಎಳೆಯ ಮಕ್ಕಳಿಗೂ ಈ ವಿಷ ತಗಲುವ ಸಂಭವವಿದೆ.

ಇದು ಕೇವಲ ಊಹೆಯ ಮಾತಲ್ಲ. ಮಹಾರಾಷ್ಟ್ರದ ಅಕೋಲಾದ ಒಂದೇ ಕುಟುಂಬದ ಮೂವರು ಮಹಿಳೆಯರಿಗೆ ಮೂತ್ರಪಿಂಡದ ಕಾಯಿಲೆ ಬಂದಾಗ ಮುಂಬಯಿಯ ಪರೇಲಿನಲ್ಲಿರುವ ಕೆ.ಇ.ಎಂ. ಆಸ್ಪತ್ರೆಯ ವೈದ್ಯರು ಕಾರಣವನ್ನು ಹುಡುಕಿದರು. ಮೂವರೂ ಬಳಸುತ್ತಿದ್ದ ಒಂದು ಕ್ರೀಮನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಪಾದರಸ ಪತ್ತೆಯಾಯಿತು. ಈ ಸಂಗತಿ 2023ರ ಆರಂಭದಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರಲ್ಲಿ 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಅಧ್ಯಯನ ಮಾಡಲಾಯಿತು. ಅವರಲ್ಲಿ 15 ಮಂದಿಯಲ್ಲಿ ಅಪರೂಪದ ಒಂದು ಲಕ್ಷಣ ಕಂಡುಬಂದಿತು. ಆ 15 ಮಂದಿಯಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮುಗಳನ್ನು ಬಳಸಿದ್ದರು. ಕ್ರೀಮನ್ನು ನಿಲ್ಲಿಸಿದ ನಂತರ ಬಹುತೇಕ ರೋಗಿಗಳು ಚೇತರಿಸಿಕೊಂಡರೆಂಬುದು ಸಮಾಧಾನದ ಸಂಗತಿ. ಕಾರಣ ಬೇಗ ತಿಳಿದರೆ ಹಾನಿಯನ್ನು ತಡೆಯಬಹುದೆಂಬುದು ಇದರ ಪಾಠ. ಕಾಲು ಬಾತುಕೊಂಡಿದೆ ಎಂದು ವೈದ್ಯರ ಬಳಿಗೆ ಹೋದವರು ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರನ್ನು ಹೇಳುವ ಅಗತ್ಯವಿದೆಯೆಂದು ಯೋಚಿಸುವುದಿಲ್ಲ, ಆದರೆ ಹೇಳಬೇಕು.

ಭಾರತದ 2020ರ ಸೌಂದರ್ಯವರ್ಧಕ ನಿಯಮಾವಳಿಯ ಪ್ರಕಾರ ಇಂತಹ ಕ್ರೀಮುಗಳಲ್ಲಿ ಪಾದರಸವನ್ನು ಉದ್ದೇಶಪೂರ್ವಕವಾಗಿ ಬೆರೆಸುವಂತಿಲ್ಲ. ಅನುದ್ದೇಶಿತವಾಗಿ ಬಂದರೂ ಅದು ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ. ಪಾದರಸದ ಬಳಕೆಯನ್ನು ತಗ್ಗಿಸಲು ರೂಪುಗೊಂಡ, 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತವು 2018ರಲ್ಲಿ ಅನುಮೋದಿಸಿದೆ. ಆದರೂ ಬ್ಯೂಟಿ ಪಾರ್ಲರುಗಳಲ್ಲಿ ಬೆರೆಸಿಕೊಡುವ ಹೆಸರಿಲ್ಲದ ಡಬ್ಬಿಗಳ ಮೂಲಕವೂ, ನೋಂದಣಿಯಿಲ್ಲದೆ ವಿದೇಶದಿಂದ ಬರುವ ಕ್ರೀಮುಗಳ ಮೂಲಕವೂ ಈ ವಿಷ ಮನೆ ಸೇರುವ ಸಾಧ್ಯತೆ ಉಳಿದೇ ಇದೆ.

ಚೀಟಿ ಓದುವ ಅಭ್ಯಾಸ

ಕೊಳ್ಳುವ ಮೊದಲು ಕೊಳವೆ ಅಥವಾ ಡಬ್ಬಿಯ ಮೇಲಿನ ಚೀಟಿಯನ್ನು ಓದುವುದು ಗ್ರಾಹಕರ ಮೊದಲ ರಕ್ಷಣೆ. ಚೀಟಿಯ ಎಡಬದಿಯಲ್ಲಿ ಉದ್ದಕ್ಕೂ ಕೆಂಪು ಗೆರೆ, 'ಆರ್‌ಎಕ್ಸ್' ಎಂಬ ಗುರುತು, ವೈದ್ಯರ ಚೀಟಿಯ ಮೇಲೆ ಮಾತ್ರ ಮಾರತಕ್ಕದ್ದು ಎಂಬ ಎಚ್ಚರಿಕೆ ಇದ್ದರೆ ಅದು ಸೌಂದರ್ಯವರ್ಧಕವಲ್ಲ, ಔಷಧ. 'ಸೋನ್' ಎಂದೋ 'ಸೋಲ್' ಎಂದೋ ಕೊನೆಗೊಳ್ಳುವ ಹೆಸರು ಘಟಕಗಳಲ್ಲಿ ಕಂಡರೆ ಅದು ಸ್ಟೀರಾಯ್ಡ್ ಆಗಿರಬಹುದು. ವೈದ್ಯರನ್ನೋ ಔಷಧ ತಜ್ಞರನ್ನೋ ಕೇಳಿ ತಿಳಿಯಬೇಕು. ಸೌಂದರ್ಯವರ್ಧಕದ ಚೀಟಿಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕಾ ಪರವಾನಗಿಯ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಮತ್ತು ಘಟಕಗಳ ಪಟ್ಟಿ ಇರಬೇಕು. ವಿದೇಶದಿಂದ ಬಂದದ್ದಾದರೆ ಆಮದು ನೋಂದಣಿಯ ಸಂಖ್ಯೆ ಇರಬೇಕು. ಇವು ಯಾವುವೂ ಇಲ್ಲದ ಡಬ್ಬಿಯನ್ನು ಎಷ್ಟೇ ಆತ್ಮೀಯರು ಕೊಟ್ಟರೂ ಬಳಸಬಾರದು. ಗಿಡಮೂಲಿಕೆ ಎಂಬ ಹಣೆಪಟ್ಟಿಯೊಂದೇ ಸುರಕ್ಷತೆಗೆ ಸಾಕ್ಷಿಯಲ್ಲ.

ಹಾಗಾದರೆ ವೈದ್ಯರ ಚೀಟಿಯಿಲ್ಲದೆ ದೊರೆಯುವ ಮುಲಾಮುಗಳಲ್ಲಿ ಪ್ರಯೋಗಿಸಿ ನೋಡಬಹುದಾದವು ಇಲ್ಲವೇ? ಇವೆ. ಬಿ ಜೀವಸತ್ವದ ಗುಂಪಿಗೆ ಸೇರಿದ ನಯಾಸಿನಮೈಡ್ ವರ್ಣಕಣಗಳು ಜೀವಕೋಶದಿಂದ ಜೀವಕೋಶಕ್ಕೆ ಹಂಚಿಹೋಗುವುದನ್ನು ತಗ್ಗಿಸುತ್ತದೆ. ಗೋಧಿ, ಬಾರ್ಲಿಗಳಲ್ಲಿ ಸಹಜವಾಗಿ ಇರುವ ಅಜೆಲೇಯಿಕ್ ಆಮ್ಲವು ಅತಿ ಚುರುಕಾದ ವರ್ಣಕೋಶಗಳ ಮೇಲೆ ಮಾತ್ರ ಹೆಚ್ಚು ಪ್ರಭಾವ ಬೀರುತ್ತದೆ. ಗರ್ಭಿಣಿಯರಿಗೂ ವೈದ್ಯರು ಇದನ್ನು ಕೊಡುವುದುಂಟು. ಜಪಾನಿನಲ್ಲಿ ಅಕ್ಕಿಯನ್ನು ಹುದುಗಿಸಲು ಬಳಸುವ ಬೂಷ್ಟಿನಿಂದ ದೊರೆಯುವ ಕೋಜಿಕ್ ಆಮ್ಲ, ವಿಟಮಿನ್ ಸಿ, ಜ್ಯೇಷ್ಠಮಧುವಿನ ಸಾರ ಇವೂ ಸೌಮ್ಯವಾದ ಪರಿಣಾಮವುಳ್ಳವು. ಇವುಗಳಿಂದ ಬಂಗು ತಿಳಿಯಾಗಬಹುದೇ ಹೊರತು ಬೇರುಸಹಿತ ಹೋಗುವುದಿಲ್ಲ. ಬಿಸಿಲಿನ ರಕ್ಷಣೆ ತಪ್ಪಿದರೆ ಅದು ಮರಳುತ್ತದೆ.

ಪ್ರಯೋಗದ ಕ್ರಮ

ಯಾವ ಮುಲಾಮನ್ನು ಆರಿಸಿಕೊಂಡರೂ ಅದನ್ನು ಶಿಸ್ತಿನಿಂದ ಪ್ರಯೋಗಿಸಬೇಕು. ಮೊದಲನೆಯದಾಗಿ, ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪವೇ ಹಚ್ಚಿ ಮೂರು ನಾಲ್ಕು ದಿನ ಗಮನಿಸಬೇಕು. ಕೆಂಪು, ತುರಿಕೆ, ಉರಿ ಕಾಣಿಸಿದರೆ ಆ ಮುಲಾಮು ಸಲ್ಲದು. ಎರಡನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬಳಸಬೇಕು. ಮೂರು ಕ್ರೀಮುಗಳನ್ನು ಒಟ್ಟಿಗೆ ಹಚ್ಚಿದರೆ ಗುಣ ಯಾವುದರದು, ದೋಷ ಯಾವುದರದು ಎಂದು ತಿಳಿಯುವುದಿಲ್ಲ. ಮೂರನೆಯದಾಗಿ, ಪ್ರಾರಂಭದ ದಿನ ಮತ್ತು ಅನಂತರ ನಾಲ್ಕು ವಾರಗಳಿಗೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ದಿನವೂ ಕನ್ನಡಿ ನೋಡುವವರ ಕಣ್ಣಿಗೆ ನಿಧಾನದ ಬದಲಾವಣೆ ಗೋಚರವಾಗುವುದಿಲ್ಲ; ಚಿತ್ರ ನಿಜವನ್ನು ಹೇಳುತ್ತದೆ. ನಾಲ್ಕನೆಯದಾಗಿ, ಹನ್ನೆರಡು ವಾರಗಳ ಗಡುವನ್ನು ಇಟ್ಟುಕೊಳ್ಳಬೇಕು. ಅಷ್ಟರೊಳಗೆ ಫಲ ಕಾಣದಿದ್ದರೆ ಇನ್ನೊಂದು ಡಬ್ಬಿ ಕೊಳ್ಳುವ ಬದಲು ಆ ಹಣದಲ್ಲಿ ಚರ್ಮವೈದ್ಯರನ್ನು ಕಾಣುವುದು ಲೇಸು. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಯಾವ ಪ್ರಯೋಗವನ್ನೂ ಮಾಡಬಾರದು. ಬಂಗಿಗೆ ಒಳ್ಳೆಯದೆಂದು ಕೇಳಿಬರುವ ಮಾತ್ರೆಗಳನ್ನು ಸ್ವಂತ ತೀರ್ಮಾನದಿಂದ ನುಂಗಬಾರದು.

ಮನೆಮದ್ದಿನ ಹೆಸರಿನಲ್ಲಿ ನಿಂಬೆರಸ ಹಚ್ಚಿಕೊಳ್ಳುವ ರೂಢಿಯೂ ಅಪಾಯಕಾರಿ. ನಿಂಬೆಯ ಅಂಶ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತಾಗಿ ಗಾಢವಾದ ಕಪ್ಪು ಕಲೆ ಉಳಿಯುತ್ತದೆ. ಅಡಿಗೆ ಸೋಡಾ, ಹಲ್ಲುಜ್ಜುವ ಪೇಸ್ಟು, ಒರಟು ನಾರಿನಿಂದ ಉಜ್ಜುವುದು ಇವೆಲ್ಲ ಚರ್ಮವನ್ನು ಕೆರಳಿಸುತ್ತವೆ. ಕೆರಳಿದ ಕಂದು ಚರ್ಮ ಮತ್ತಷ್ಟು ಕಪ್ಪಾಗುವುದು ಅದರ ಸ್ವಭಾವ.

ಬಿಸಿಲಿನ ತಡೆಯೇ ಮೊದಲ ಮದ್ದು

ಮೇಲೆ ಹೇಳಿದ ಎಲ್ಲ ಮುಲಾಮುಗಳಿಗಿಂತ ಮುಖ್ಯವಾದದ್ದು ಬಿಸಿಲಿನಿಂದ ರಕ್ಷಣೆ. ತೂತಿನ ಕೊಡಕ್ಕೆ ನೀರು ತುಂಬಿದಂತೆ, ಬಿಸಿಲು ತಡೆಯದೆ ಮುಲಾಮು ಹಚ್ಚುವುದು ವ್ಯರ್ಥ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನನ್ನು ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದದಷ್ಟು ಪ್ರಮಾಣದಲ್ಲಿ, ಮನೆಯಿಂದ ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಹಚ್ಚಬೇಕು. ಬೆವರು ಹೆಚ್ಚಾದ ಮುಂಬಯಿಯಂತಹ ಊರಿನಲ್ಲಿ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯಲು ಕಬ್ಬಿಣದ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬಂಗು ಇರುವವರಿಗೆ ಹೆಚ್ಚು ಉಪಯುಕ್ತ. ಗಾಜಿನ ಕಿಟಕಿಯ ಮೂಲಕವೂ ಅತಿನೇರಳೆ ಕಿರಣಗಳ ಒಂದು ಭಾಗ ಒಳಬರುವುದರಿಂದ ಬಸ್ಸಿನ ಕಿಟಕಿಯ ಬದಿಯಲ್ಲಿ ಕುಳಿತವರೂ ಇದನ್ನು ಮರೆಯಬಾರದು.

ಪ್ರತಿದಿನ ಸನ್‌ಸ್ಕ್ರೀನ್ ಬಳಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅಂತಹವರು ಮಳೆಗಾಲ ಮುಗಿದೊಡನೆ ಕೊಡೆಯನ್ನು ಅಟ್ಟಕ್ಕೆ ಸೇರಿಸದೆ ವರ್ಷವಿಡೀ ಬಳಸಬೇಕು. ಅಗಲ ಅಂಚಿನ ಟೋಪಿ, ಒತ್ತಾಗಿ ನೇಯ್ದ ಬಟ್ಟೆಯ ಸೆರಗು ಅಥವಾ ದುಪಟ್ಟಾ, ಪ್ಲಾಟ್‌ಫಾರಂನಲ್ಲಿ ಮಾಡಿನ ನೆರಳು, ಮಾರಾಟದ ಬುಟ್ಟಿಯ ಮೇಲೆ ಒಂದು ತಾಡಪತ್ರೆ ಇವು ಅಲ್ಪ ಖರ್ಚಿನಲ್ಲಿ ಮುಖವನ್ನು ಕಾಪಾಡುತ್ತವೆ.

ಎಲ್ಲಿಗೆ ಹೋಗಬೇಕು?

ಪರೇಲಿನ ಕೆ.ಇ.ಎಂ., ಸಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್, ವಿಲೆಪಾರ್ಲೆಯ ಕೂಪರ್ ಈ ಪುರಸಭಾ ಆಸ್ಪತ್ರೆಗಳಲ್ಲಿಯೂ, ಭಾಯಖಳಾದ ಸರ್ ಜೆ.ಜೆ. ಆಸ್ಪತ್ರೆಯಲ್ಲಿಯೂ ಚರ್ಮರೋಗ ವಿಭಾಗಗಳಿವೆ. ಈಗಾಗಲೇ ಸ್ಟೀರಾಯ್ಡ್ ಮುಲಾಮಿಗೆ ಒಗ್ಗಿಕೊಂಡವರು ನಾಚಿಕೆಪಡದೆ ಇಲ್ಲಿಗೆ ಹೋಗಬೇಕು. ಅವರು ಬಳಸಿದ ಕೊಳವೆಯನ್ನು ಜೊತೆಗೆ ಒಯ್ಯಬೇಕು. ಒಮ್ಮೆಲೇ ನಿಲ್ಲಿಸುವುದೋ, ಹಂತಹಂತವಾಗಿ ತಗ್ಗಿಸುವುದೋ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಪಾದರಸದ ಅನುಮಾನವಿದ್ದರೆ ಮಾತ್ರ ಕ್ರೀಮನ್ನು ತಕ್ಷಣವೇ ನಿಲ್ಲಿಸಿ, ಡಬ್ಬಿಯನ್ನು ಎಸೆಯದೆ ಮುಚ್ಚಿಟ್ಟು ವೈದ್ಯರಿಗೆ ತೋರಿಸಬೇಕು ಮತ್ತು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕು. ಔಷಧಗಳ ದುಷ್ಪರಿಣಾಮವನ್ನು ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ 1800-180-3024 ಎಂಬ ಶುಲ್ಕರಹಿತ ದೂರವಾಣಿಗೆ ತಿಳಿಸಬಹುದು. ಮೋಸದ ಮಾರಾಟದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, ರಾಜ್ಯದ ಆಹಾರ ಮತ್ತು ಔಷಧ ಆಡಳಿತಕ್ಕೂ ದೂರು ಕೊಡಬಹುದು. ಒಬ್ಬರು ಕೊಟ್ಟ ದೂರು ಹಲವರ ಮುಖವನ್ನು ಉಳಿಸಬಹುದು.

ಕೊನೆಯದಾಗಿ ಒಂದು ಮಾತು. ಕಲೆಯನ್ನು ತಿಳಿಗೊಳಿಸಬೇಕೆಂಬ ಬಯಕೆ ಸಹಜ. ಮೈಬಣ್ಣವನ್ನೇ ಬದಲಿಸಬೇಕೆಂಬ ಬಯಕೆ ಬೇರೆ. ಮೊದಲನೆಯದಕ್ಕೆ ವೈದ್ಯಶಾಸ್ತ್ರದಲ್ಲಿ ಸೌಮ್ಯ ಮಾರ್ಗಗಳಿವೆ. ಎರಡನೆಯದು ಮಾರುಕಟ್ಟೆ ಹುಟ್ಟುಹಾಕಿದ ಹಂಬಲ. ಮುಂಬಯಿಯಲ್ಲೇ ಕೇಂದ್ರ ಕಚೇರಿಯುಳ್ಳ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯು 2014ರಲ್ಲಿ, ಕಪ್ಪು ಮೈಬಣ್ಣದವರನ್ನು ಕೀಳಾಗಿ ಅಥವಾ ಸೋತವರಾಗಿ ತೋರಿಸಬಾರದೆಂದು ಜಾಹೀರಾತುದಾರರಿಗೆ ಸೂಚಿಸಿತು. 2020ರಲ್ಲಿ ದೇಶದ ಪ್ರಸಿದ್ಧ ಕ್ರೀಮೊಂದು ತನ್ನ ಹೆಸರಿನಿಂದ ಬಿಳುಪನ್ನು ಸೂಚಿಸುವ ಪದವನ್ನು ಕೈಬಿಟ್ಟಿತು. ಡಬ್ಬಿಯ ಮೇಲಿನ ಪದ ಬದಲಾದಷ್ಟು ಸುಲಭವಾಗಿ ಮನಸ್ಸಿನ ಎಣಿಕೆ ಬದಲಾಗುವುದಿಲ್ಲ. ಹೆಣ್ಣು ನೋಡಲು ಬರುವವರಿಗಾಗಿ ಹದಿನೈದು ದಿನಗಳಲ್ಲಿ ಮಗಳ ಮುಖ ತಿಳಿಯಾಗಬೇಕೆಂದು ಮನೆಯ ಹಿರಿಯರೇ ಅವಸರಪಡಿಸಿದಾಗ, ಅಪಾಯದ ಡಬ್ಬಿ ಮನೆಯೊಳಗೆ ಬರುತ್ತದೆ. ಆ ಅವಸರವನ್ನು ಬಿಡುವುದು ಹಿರಿಯರ ಕೈಯಲ್ಲಿದೆ. ಕೊಡೆ, ಸನ್‌ಸ್ಕ್ರೀನ್, ಪರೀಕ್ಷಿಸಿ ಕೊಂಡ ಒಂದು ಸೌಮ್ಯ ಮುಲಾಮು ಮತ್ತು ಮೂರು ತಿಂಗಳ ತಾಳ್ಮೆ ಇವಿಷ್ಟು ಇದ್ದರೆ ಬಂಗು ಬಹುಮಟ್ಟಿಗೆ ತಿಳಿಯಾಗುವ ಸಂಭವವಿದೆ. ಒಂದು ವೇಳೆ ಕಲೆ ಸ್ವಲ್ಪ ಉಳಿದರೂ, ಮುಖದ ಚರ್ಮ ಮತ್ತು ದೇಹದ ಆರೋಗ್ಯ ಸುರಕ್ಷಿತವಾಗಿ ಉಳಿದಿರುತ್ತವೆ.